‘ಅದು ನಮಗೇನ್ ಸಂಬಂಧ್ರಿ?’ ಅಂತ ಕೇಳುವ ಮಕ್ಕಳಿಗೆ ಹರಪ್ಪ ಕಲಿಸುವುದು ಹೇಗೆ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಶಹಾಪುರ ಕಡೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು, ಏಳನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಪ್ರಾಚೀನ ನಾಗರಿಕತೆಗಳ ಪಾಠ ಬಂದಾಗ ಮಕ್ಕಳು ‘ಮಹಾ ಸ್ನಾನಗೃಹ, ಮೊಹೆಂಜೊದಾರೊ’ ಅಂತ ಬಾಯಿಪಾಠ ಮಾಡಿ ಬರೆಯುತ್ತಾರೆ. ಹದಿನೈದು ದಿನ ಬಿಟ್ಟು ಕೇಳಿದರೆ ಅದು ಈಜಿಪ್ಟಿನಲ್ಲಿದೆ ಅನ್ನುತ್ತಾರೆ. ಕ್ರಿ.ಪೂ. ಲೆಕ್ಕ ತಲೆಗೆ ಹತ್ತುವುದೇ ಇಲ್ಲ. ಮೊನ್ನೆ ಒಬ್ಬ ಹುಡುಗ ‘ಅದು ನಮಗೇನ್ ಸಂಬಂಧ್ರಿ ಮೇಡಂ?’ ಅಂದುಬಿಟ್ಟ. ನನಗೆ ಉತ್ತರ ಹೊಳೆಯಲಿಲ್ಲ. ಪ್ರೊಜೆಕ್ಟರ್ ಇಲ್ಲ, 48 ಮಕ್ಕಳಿದ್ದಾರೆ, ಹತ್ತು ಹನ್ನೆರಡು ಪೀರಿಯಡ್ ಸಿಗುತ್ತವೆ. ಎಲ್ಲಿಂದ ಶುರು ಮಾಡಲಿ?

ಉತ್ತರ:

ಮೇಡಂ, ಆ ಹುಡುಗನನ್ನು ಬೈದಿಲ್ಲ ತಾನೇ? ಅವನ ಪ್ರಶ್ನೆಯಿಂದಲೇ ಪಾಠ ಶುರು ಮಾಡಬಹುದು, ಮತ್ತೆ ಅದಕ್ಕೆ ಉತ್ತರ ನಿಮ್ಮೂರಿನ ಸುತ್ತಲೇ ಇದೆ. ನಾನು ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಇದೇ ಪಾಠ ಮಾಡಿದೆ. ಮೊದಲ ಹತ್ತು ವರ್ಷ ನೀವು ಹೇಳಿದ ಹಾಗೇ ಆಯಿತು. ಮಕ್ಕಳು ಬರೆದರು, ಮಾರ್ಕ್ಸ್ ಬಂತು, ಮರೆತರು. ನಾನು ಕೊಡುತ್ತಿದ್ದದ್ದು ಬರೀ ಉತ್ತರ. ಆ ಉತ್ತರ ಗೊತ್ತಾದದ್ದು ಹೇಗೆ ಅನ್ನೋದನ್ನು ನಾನು ಹೇಳುತ್ತಲೇ ಇರಲಿಲ್ಲ. ಆಮೇಲೆ ಕ್ರಮ ಬದಲಿಸಿದೆ. ಮೊದಲು ಕುರುಹು, ಆಮೇಲೆ ಕತೆ. ನೆಲದಲ್ಲಿ ಸಿಕ್ಕಿದ್ದೇನು ಅಂತ ಮೊದಲು ಮಕ್ಕಳ ಮುಂದೆ ಇಡುವುದು, ಅವರು ಊಹೆ ಮಾಡಿದ ಮೇಲೆ ಪುಸ್ತಕ ತೆರೆಯುವುದು. ನಿಮಗೂ ಅದನ್ನೇ ಹೇಳುತ್ತೇನೆ.

ಇದು ನನ್ನ ತಲೆಗೆ ಬರೋಕೆ ಒಬ್ಬ ಆರನೇ ತರಗತಿ ಹುಡುಗ ಕಾರಣ. ಹರಪ್ಪ ನಾಗರಿಕತೆಯ ಮೊಹೆಂಜೊದಾರೊ ನಗರದ ‘ಮಹಾ ಧಾನ್ಯಾಗಾರ’ದ ಬಗ್ಗೆ ಹೇಳುತ್ತಿದ್ದೆ. ದೊಡ್ಡ ಇಟ್ಟಿಗೆ ಕಟ್ಟೆ, ಗಾಳಿ ಆಡೋಕೆ ಸಂದು, ಊರಿನ ಕಾಳೆಲ್ಲ ಅಲ್ಲಿ ಅಂತ. ಆ ಹುಡುಗನ ಮನೆಯಲ್ಲಿ ಹಗೇವು, ಅಂದ್ರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ, ಇತ್ತು. ಕೈ ಎತ್ತಿ ಕೇಳಿದ: ‘ಸರ, ಅದರಾಗ ಕಾಳು ಸಿಕ್ಕಾವೇನ್ರಿ? ನಮ್ಮ ಹಗೇವು ಎಷ್ಟ ಬಳದ್ರೂ ತಳದಾಗ ಕಾಳು ಉಳದೇ ಉಳಿತಾವ್ರಿ.’ ನನಗೆ ಗೊತ್ತಿರಲಿಲ್ಲ. ನೋಡಿ ಹೇಳ್ತೀನಪ್ಪ ಅಂದೆ. ಹುಡುಕಿ ಓದಿದರೆ, ಅಲ್ಲಿ ಕಾಳು ಇಟ್ಟಿದ್ದರು ಅನ್ನೋದಕ್ಕೆ ಸಾಕ್ಷಿಯೇ ಸಿಕ್ಕಿಲ್ಲ! ಆ ಹೆಸರು ಕೊಟ್ಟವರು ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್, ಕಟ್ಟಡದ ಆಕಾರ ನೋಡಿ. ಈಗ ಬಹಳ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಹಗೇವಿನ ತಳ ನೋಡಿದ ಹುಡುಗ ಪುರಾತತ್ವಜ್ಞರು ಕೇಳೋ ಪ್ರಶ್ನೆಯನ್ನೇ ಕೇಳಿದ್ದ. ಮರುದಿನ ತರಗತಿಯಲ್ಲಿ ಅದನ್ನೇ ಹೇಳಿದೆ. ಅವನ ಮುಖ ನನಗೆ ಇವತ್ತಿಗೂ ನೆನಪಿದೆ.

ಈಗ ಕ್ರಿ.ಪೂ. ವಿಷಯ. ಇದಕ್ಕೆ ಹಗ್ಗ ಬಿಟ್ಟರೆ ಬೇರೆ ಮದ್ದಿಲ್ಲ. ಒಂದು ಮೀಟರ್ ಅಂದ್ರೆ 100 ವರ್ಷ ಅಂತ ಇಟ್ಟುಕೊಳ್ಳಿ. ಶಾಲೆಯ ಅಂಗಳದಲ್ಲಿ 46 ಮೀಟರ್ ಹಗ್ಗ ಎಳೆಯಿರಿ. ಒಂದು ತುದಿ ಇವತ್ತು. 12 ವರ್ಷದ ಹುಡುಗಿಯ ಇಡೀ ಜೀವನ ಆ ತುದಿಯಲ್ಲಿ 12 ಸೆಂಟಿಮೀಟರ್, ಅಂದ್ರೆ ಅವಳ ಒಂದು ಗೇಣೂ ಆಗುವುದಿಲ್ಲ. ಅವಳಿಗೆ ಅದನ್ನು ಕೈಯಲ್ಲೇ ಅಳೆಯೋಕೆ ಹೇಳಿ. ಬಸವಣ್ಣನವರು ಎಂಟೂವರೆ ಮೀಟರ್ ಹತ್ತಿರ ನಿಲ್ಲುತ್ತಾರೆ. ಕ್ರಿಸ್ತಶಕ ಶುರುವಾಗೋ ಕಡೆ, 20 ಮೀಟರ್ ದಾಟಿ, ಒಂದು ಕೆಂಪು ಬಟ್ಟೆ ಕಟ್ಟಿ. ಅಲ್ಲಿಂದ ಆಚೆಗೆ ಎಣಿಕೆ ತಿರುಗುತ್ತದೆ. ಅಶೋಕ ಸುಮಾರು 23ನೇ ಮೀಟರ್. ಬ್ಯಾಬಿಲೋನಿನ ರಾಜ ಹಮ್ಮುರಾಬಿ 38ರ ಹತ್ತಿರ. ಹರಪ್ಪದ ದೊಡ್ಡ ನಗರಗಳು, ಅಂದ್ರೆ ಕ್ರಿ.ಪೂ. 2600ರಿಂದ 1900, 46ರಿಂದ 39ರವರೆಗೆ. ಗೀಜಾದ ದೊಡ್ಡ ಪಿರಮಿಡ್ಡೂ ಹೆಚ್ಚುಕಡಿಮೆ ಆ 46ರ ತುದಿಯಲ್ಲೇ. 2600 ಹಳೆಯದೋ 1900 ಹಳೆಯದೋ ಅನ್ನೋ ಗೊಂದಲ ಹಗ್ಗದ ಮೇಲೆ ಒಮ್ಮೆ ನಡೆದ ಮಗುವಿಗೆ ಮತ್ತೆ ಬರುವುದಿಲ್ಲ, ಯಾಕಂದ್ರೆ ಅದರ ಕಾಲಿಗೆ ಗೊತ್ತಿರುತ್ತದೆ.

ಆಮೇಲೆ ಆ ಹುಡುಗನನ್ನು ಹಗ್ಗದ ಕೊನೆಗೆ ನಿಲ್ಲಿಸಿ ಕೇಳಿ: ‘ನಮ್ಮ ಹುಣಸಗಿ ಎಷ್ಟು ದೂರ ಇದೆ ಗೊತ್ತೇನಪ್ಪ ಈ ಹಗ್ಗದ ಮೇಲೆ?’ ನಿಮ್ಮ ಜಿಲ್ಲೆಯ ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಆದಿಮಾನವರು ಕಲ್ಲು ಒಡೆದು ಆಯುಧ ಮಾಡುತ್ತಿದ್ದ ಜಾಗ ಇದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಹುಣಸಗಿ ಬೈಚಬಾಳ ಕಣಿವೆಯಲ್ಲಿ ವರ್ಷಗಟ್ಟಲೆ ಓಡಾಡಿ ಬೆಳಕಿಗೆ ತಂದದ್ದು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಅಂತ ಲೆಕ್ಕ ಹಾಕಿದ್ದಾರೆ. ಭಾರತದ ಅತಿ ಹಳೆಯ ನೆಲೆಗಳಲ್ಲಿ ಅದೂ ಒಂದು. ನಮ್ಮಂಥ ಮನುಷ್ಯರು ಆಗಿನ್ನೂ ಬಂದೇ ಇರಲಿಲ್ಲ. ಮಕ್ಕಳ ಕೈಲೇ ಭಾಗಾಕಾರ ಮಾಡಿಸಿ. ಹಗ್ಗ 12 ಕಿಲೋಮೀಟರ್ ಆಗುತ್ತದೆ! ಹರಪ್ಪ ಶಾಲೆಯ ಗೇಟಿನೊಳಗೇ ಮುಗಿಯಿತು, ಹುಣಸಗಿಯ ಕಲ್ಲಿಗೆ ಊರುಗಳನ್ನೇ ದಾಟಿ ಹೋಗಬೇಕು. ಅಲ್ಲಿ ಒಡೆದದ್ದು ಸುಣ್ಣದ ಕಲ್ಲು. ನೆಲಕ್ಕೆ ಹಾಸುವ ನಮ್ಮ ಶಹಾಬಾದ್ ಫರ್ಸಿಯೂ ಸುಣ್ಣದ ಕಲ್ಲೇ. ನಿಮ್ಮ ತರಗತಿಯ ಮಕ್ಕಳು ಫರ್ಸಿ ಮೇಲೆ ಕೂತಿದ್ದರೆ ಕೈ ಇಟ್ಟು ನೋಡೋಕೆ ಹೇಳಿ.

ಮಕ್ಕಳು ಒಂದು ಮಾತು ಖಂಡಿತ ಕೇಳುತ್ತಾರೆ: ಮೊಹೆಂಜೊದಾರೊ ಕಟ್ಟುವಾಗ ನಮ್ಮ ಕಡೆ ಏನಿತ್ತು? ಖಾಲಿ ಇರಲಿಲ್ಲ. ಸುರಪುರ ಕಡೆಯ ಬೂದಿಹಾಳದಲ್ಲಿ ದನ ಸಾಕುವವರು ಇದ್ದರು. ಊರಿನ ಹೆಸರಲ್ಲೇ ಬೂದಿ ಇದೆ ನೋಡಿ. ಅಲ್ಲಿರೋದು ಬೂದಿದಿಬ್ಬ. ಬಳ್ಳಾರಿ ಕಡೆ ಇಂಥ ದಿಬ್ಬಗಳನ್ನು ಜನ ರಾಕ್ಷಸರನ್ನು ಸುಟ್ಟ ಬೂದಿ ಅನ್ನುತ್ತಿದ್ದರು. ಅಗೆದು ನೋಡಿದರೆ ಅದು ಸಗಣಿಯ ಬೂದಿ. ದೊಡ್ಡಿಯಲ್ಲಿ ಬಿದ್ದ ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟಿದ್ದಾರೆ. ಕೆಲವು ಕಡೆ ಎಷ್ಟು ಜೋರು ಉರಿ ಅಂದ್ರೆ ಬೂದಿ ಕರಗಿ ಕಿಟ್ಟದ ಹಾಗೆ ಗಟ್ಟಿಯಾಗಿದೆ. ತೆಲಂಗಾಣದ ಉಟ್ನೂರಿನ ದಿಬ್ಬವನ್ನು 1957ರಲ್ಲಿ ಆಲ್ಚಿನ್ ಅನ್ನೋ ವಿದ್ವಾಂಸರು ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು. ನಾಲ್ಕು ಸಾವಿರ ವರ್ಷದ ಹಿಂದಿನ ಹೆಜ್ಜೆ! ಕುಳ್ಳು ತಟ್ಟುವ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳೋದೇ ಬೇಡ. ಅಲ್ಲಿ ಸಿಂಧೂ ಬಯಲಲ್ಲಿ ಇಟ್ಟಿಗೆಯ ನಗರ, ಇಲ್ಲಿ ಕೃಷ್ಣಾ ಭೀಮಾ ಬಯಲಲ್ಲಿ ದನದ ದೊಡ್ಡಿ, ಎರಡೂ ಒಂದೇ ಕಾಲದಲ್ಲಿ. ಒಂದು ದೊಡ್ಡದು ಇನ್ನೊಂದು ಸಣ್ಣದು ಅಂತ ಮಾತ್ರ ಹೇಳಬೇಡಿ. ಬದುಕುವ ದಾರಿ ಬೇರೆ ಬೇರೆ ಇತ್ತು, ಅಷ್ಟೇ.

ನಿಮ್ಮ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತಲ್ವಾ?

ಹರಪ್ಪಕ್ಕೆ ನಾಲ್ಕು ಪೀರಿಯಡ್ ಕೊಡಿ. ಅದಕ್ಕಿಂತ ಕಡಿಮೆ ಬೇಡ. 1921ರಲ್ಲಿ ದಯಾರಾಮ್ ಸಾಹ್ನಿ ಹರಪ್ಪದಲ್ಲಿ ಅಗೆತ ಶುರು ಮಾಡಿದರು, ಮರುವರ್ಷ ಆರ್. ಡಿ. ಬ್ಯಾನರ್ಜಿ ಮೊಹೆಂಜೊದಾರೊದಲ್ಲಿ. ಈ ಹೆಸರು ಪರೀಕ್ಷೆಗೆ ಬೇಕು, ಹೇಳಿ ಮುಂದೆ ಹೋಗಿ. ಆದರೆ ಅದಕ್ಕೂ ಮೊದಲಿನ ಕತೆ ಬಿಡಬೇಡಿ. 1850ರ ದಶಕದಲ್ಲಿ ರೈಲು ಹಳಿ ಹಾಕುವವರು ಹರಪ್ಪದ ದಿಬ್ಬದಿಂದ ಇಟ್ಟಿಗೆ ಕಿತ್ತು ಹಳಿಯ ಕೆಳಗೆ ಹಾಕಿದರು. ನಾಲ್ಕು ಸಾವಿರ ವರ್ಷ ಹಳೆಯ ಇಟ್ಟಿಗೆ ರೈಲಿನ ಭಾರ ಹೊರುವಷ್ಟು ಗಟ್ಟಿ ಇತ್ತು. ಆ ಇಟ್ಟಿಗೆಯ ದಪ್ಪ, ಅಗಲ, ಉದ್ದ 1:2:4ರ ಲೆಕ್ಕದಲ್ಲಿದ್ದವು, ಒಂದೂರಲ್ಲಿ ಅಷ್ಟೇ ಅಲ್ಲ, ನೂರಾರು ಕಿಲೋಮೀಟರ್ ದೂರದ ಊರುಗಳಲ್ಲೂ. ಇಟ್ಟಿಗೆ ಕೆಲಸಕ್ಕೆ ಹೋಗುವ ತಂದೆತಾಯಿಯ ಮಗು ತರಗತಿಯಲ್ಲಿದ್ದರೆ ಈ ಅಳತೆ ಯಾಕೆ ಅನುಕೂಲ ಅಂತ ಮನೆಯಲ್ಲಿ ಕೇಳಿಕೊಂಡು ಬರಲಿ. ಅಗಲಕ್ಕೆ ಎರಡರಷ್ಟು ಉದ್ದ ಇದ್ದರೆ ಅಡ್ಡ ಒಂದು ಉದ್ದ ಒಂದು ಇಟ್ಟು ಗೋಡೆಯನ್ನು ಬಿಗಿ ಮಾಡಬಹುದು.

ತೂಕದ ಕಲ್ಲಿನ ಪಾಠ ನನಗೆ ಎಲ್ಲಕ್ಕಿಂತ ಇಷ್ಟ. ಒಂದು ಕೋಲು, ದಾರ, ಎರಡು ತೆಂಗಿನ ಚಿಪ್ಪು. ತಕ್ಕಡಿ ಆಯಿತು. ಒಂದು ಚಿಟಿಕೆ ತೊಗರಿಬೇಳೆ ಒಂದು ಕಡೆ ಹಾಕಿ. ಅದಕ್ಕೆ ಸಮ ಬರುವಷ್ಟು ಇನ್ನೊಂದು ಕಡೆ. ಈಗ ಎರಡನ್ನೂ ಒಂದೇ ಕಡೆ ಸೇರಿಸಿ, ಮತ್ತೆ ಸಮ ಮಾಡಿ. ಮತ್ತೆ ಸೇರಿಸಿ. 1, 2, 4, 8, 16. ಓದುಬರಹ ಬೇಡ, ಬರಿ ತಕ್ಕಡಿ ಸಾಕು. ಹರಪ್ಪದ ಚೌಕಾಕಾರದ ತೂಕದ ಕಲ್ಲುಗಳು ಹೀಗೇ ದುಪ್ಪಟ್ಟಾಗುತ್ತಾ ಹೋಗುತ್ತವೆ. ಜಾಸ್ತಿ ಸಿಕ್ಕಿರೋದು 16ರ ಕಲ್ಲು, ಸುಮಾರು 13.6 ಗ್ರಾಂ. ಆಮೇಲೆ ಒಂದು ಸಣ್ಣ ಸವಾಲು ಕೊಡಿ: 1, 2, 4, 8 ಈ ನಾಲ್ಕೇ ಕಲ್ಲಿನಿಂದ 11 ತೂಗಿ, 13 ತೂಗಿ. 1ರಿಂದ 15ರವರೆಗೆ ಎಲ್ಲವೂ ತೂಗಬಹುದು ಅಂತ ಮಕ್ಕಳೇ ಕಂಡುಹಿಡಿದಾಗ ತರಗತಿಯಲ್ಲಿ ಗದ್ದಲವೋ ಗದ್ದಲ. ಗದ್ದಲ ಆಗಲಿ ಬಿಡಿ.

ಮನೆಗೆ ಹೋಗಿ ಅಜ್ಜಿಯನ್ನು ಕೇಳಿಕೊಂಡು ಬರೋಕೆ ಹೇಳಿ, ಸೇರಿಗೆ ಎಷ್ಟು ಚಟಾಕು ಅಂತ. ಹದಿನಾರು. ಪಾವು ಅಂದ್ರೆ ನಾಲ್ಕು ಚಟಾಕು, ಅಚ್ಚೇರು ಅಂದ್ರೆ ಎಂಟು. ರೂಪಾಯಿಗೂ ಹದಿನಾರು ಆಣೆ ಇತ್ತು. ಅಲ್ಲಿಂದಲೇ ಇಲ್ಲಿಗೆ ಬಂತು ಅಂತ ಹೇಳಿಬಿಡಬೇಡಿ, ಅದಕ್ಕೆ ಸಾಕ್ಷಿ ಬೇಕು. ಅರ್ಧ ಮಾಡುವುದು, ದುಪ್ಪಟ್ಟು ಮಾಡುವುದು ತಕ್ಕಡಿ ಹಿಡಿದವರಿಗೆ ಸುಲಭ, ಅದಕ್ಕೇ ಎಷ್ಟೋ ಕಡೆ ಜನ ಹಾಗೆ ಮಾಡಿದರು ಅಂದರೆ ಸಾಕು.

ಚರಂಡಿ ಬಗ್ಗೆ ಪುಸ್ತಕದಲ್ಲಿ ಎರಡು ಸಾಲು ಇರುತ್ತದೆ, ಹೊಗಳಿಕೆ. ಅದನ್ನು ಓದುವ ಮೊದಲು ಒಂದು ಮನೆಕೆಲಸ ಕೊಡಿ: ನಿಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಅದರ ಹಿಂದೆಯೇ ನಡೆದು ನೋಡಿ, ಚಿತ್ರ ಬರೆದು ತನ್ನಿ. ಆಮೇಲೆ ಮೊಹೆಂಜೊದಾರೊದ ನಕ್ಷೆ ತೋರಿಸಿ. ಮನೆಯ ಬಚ್ಚಲು, ಅಲ್ಲಿಂದ ಬೀದಿಯ ಮುಚ್ಚಿದ ಚರಂಡಿ, ನಡುವೆ ಕಸ ಕೂರುವ ಗುಂಡಿ. ಹೋಲಿಸೋದನ್ನು ಮಕ್ಕಳಿಗೇ ಬಿಡಿ. ಒಬ್ಬರಾದರೂ ಕೇಳುತ್ತಾರೆ, ಆ ಗುಂಡಿ ಯಾರು ಬಳಿಯುತ್ತಿದ್ದರು ಅಂತ. ಬಹಳ ದೊಡ್ಡ ಪ್ರಶ್ನೆ ಅದು. ಯಾರು ಮಾಡುತ್ತಿದ್ದರು ಅಂತ ಅಗೆತ ಹೇಳುವುದಿಲ್ಲ, ಆದರೆ ಯಾರೋ ಮಾಡಲೇಬೇಕಿತ್ತು. ಈ ಮಾತು ಬಂದಾಗ ತರಗತಿಯ ಕಣ್ಣು ಯಾವ ಮಗುವಿನ ಕಡೆಗೂ ತಿರುಗದ ಹಾಗೆ ನೋಡಿಕೊಳ್ಳಿ ಮೇಡಂ. ನಮ್ಮ ಊರುಗಳಲ್ಲಿ ಅದು ಎಷ್ಟು ನೋಯಿಸುತ್ತದೆ ಅಂತ ನಿಮಗೂ ಗೊತ್ತು.

ಇನ್ನು ಹರಪ್ಪದವರು ಯಾರು, ಯಾವ ಭಾಷೆ, ಯಾವ ದೇವರು ಅಂತ ಮನೆಯವರು ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಮಕ್ಕಳು ತರುತ್ತಾರೆ. ಯಾರ ಜೊತೆಗೂ ಜಗಳ ಬೇಡ. ಆ ಲಿಪಿಯನ್ನು ಎಲ್ಲರೂ ಒಪ್ಪುವ ಹಾಗೆ ಇನ್ನೂ ಯಾರೂ ಓದಿಲ್ಲ ಅಂತ ನೇರವಾಗಿ ಹೇಳಿ. ಓದಲಾಗದ ಲಿಪಿ ಅಂದ್ರೆ ಏನು ಅಂತ ಮಕ್ಕಳಿಗೆ ತಿಳಿಸೋಕೆ ಮೆಸೊಪೊಟೇಮಿಯಾದ ಪಾಠ ಬೇಕು.

ಮೆಸೊಪೊಟೇಮಿಯಾದಲ್ಲಿ, ಅಂದ್ರೆ ಈಗಿನ ಇರಾಕ್ ಕಡೆ, ಬರವಣಿಗೆ ಶುರುವಾದದ್ದು ಪದ್ಯಕ್ಕಲ್ಲ, ರಾಜನ ಹೊಗಳಿಕೆಗೂ ಅಲ್ಲ. ಲೆಕ್ಕಕ್ಕೆ. ಉರುಕ್ ನಗರದಲ್ಲಿ ಐದು ಸಾವಿರ ವರ್ಷಕ್ಕಿಂತ ಹಿಂದೆ ಹಸಿ ಮಣ್ಣಿನ ಹಲಗೆ ಮೇಲೆ ಜವೆಗೋಧಿ ಎಷ್ಟು, ಕುರಿ ಎಷ್ಟು, ಯಾರಿಗೆ ಎಷ್ಟು ಕೊಟ್ಟೆವು ಅಂತ ಗುರುತು ಹಾಕಿದರು. ನಿಮ್ಮ ಶಾಲೆಯಲ್ಲಿ ಅಂಥ ಲೆಕ್ಕ ದಿನಾ ನಡೆಯುತ್ತದೆ, ಬಿಸಿಯೂಟದ ಲೆಕ್ಕ. ಅಡುಗೆಯವರ ಹತ್ತಿರ ಮಕ್ಕಳನ್ನು ಕರೆದುಕೊಂಡು ಹೋಗಿ, ಇವತ್ತು ಅಕ್ಕಿ ಎಷ್ಟು, ಬೇಳೆ ಎಷ್ಟು, ಉಂಡವರು ಎಷ್ಟು ಅಂತ ಕೇಳಲಿ. ಅದನ್ನು ಮಣ್ಣಿನ ಹಲಗೆ ಮೇಲೆ ಬರೆಯಲಿ, ಕನ್ನಡ ಅಕ್ಷರ ಬಳಸದೆ, ತಾವೇ ಮಾಡಿದ ಗುರುತಿನಲ್ಲಿ.

ಮಣ್ಣಿನ ವಿಷಯ ಸ್ವಲ್ಪ ಹೇಳಬೇಕು, ಯಾಕಂದ್ರೆ ನಾನು ಮೊದಲ ಸಲ ಇದರಲ್ಲೇ ಸೋತೆ. ಹೊಲದ ಯರೆಮಣ್ಣು ತಂದು ಹಲಗೆ ಮಾಡಿಸಿದೆ. ಮರುದಿನ ಬಂದು ನೋಡಿದರೆ ಎಲ್ಲವೂ ಬೇಸಿಗೆಯ ಹೊಲದ ಹಾಗೆ ಬಿರುಕು ಬಿಟ್ಟಿದ್ದವು. ಒಬ್ಬ ಹುಡುಗಿ ಅತ್ತೇಬಿಟ್ಟಳು. ಯರೆಮಣ್ಣಿಗೆ ಮರಳು ಬೆರೆಸಿ ಚೆನ್ನಾಗಿ ತುಳಿಯಬೇಕು, ಇಲ್ಲಾಂದ್ರೆ ಕುಂಬಾರರ ಮನೆಯಿಂದ ಹದ ಮಾಡಿದ ಮಣ್ಣು ತರಬೇಕು. ನೆರಳಲ್ಲಿ ಒಣಗಿಸಿ. ಅಂಗೈ ಅಗಲ, ಒಂದು ಬೆರಳು ದಪ್ಪ ಸಾಕು. ಬರೆಯೋಕೆ ಜೋಳದ ಒಣ ದಂಟನ್ನು ಸೀಳಿ, ತುದಿಯನ್ನು ಓರೆಯಾಗಿ ಕತ್ತರಿಸಿ. ಎಳೆಯಬಾರದು, ಒತ್ತಬೇಕು. ಎಳೆದರೆ ಮಣ್ಣು ಪಕ್ಕಕ್ಕೆ ಮೇಲೆದ್ದು ಗಲೀಜಾಗುತ್ತದೆ. ಒತ್ತಿದರೆ ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪಾದ, ಮೊಳೆಯಂಥ ಗುರುತು ಬೀಳುತ್ತದೆ. ಆ ಲಿಪಿಗೆ ಆ ಆಕಾರ ಯಾಕೆ ಬಂತು ಅನ್ನೋದು ಮಗುವಿಗೆ ಆ ಕ್ಷಣಕ್ಕೆ ಬೆರಳಲ್ಲಿ ಗೊತ್ತಾಗುತ್ತದೆ. ಅಲ್ಲಿ ಜೊಂಡು, ಇಲ್ಲಿ ಜೋಳದ ದಂಟು.

ಒಣಗಿದ ಮೇಲೆ ಆರನೇ ತರಗತಿಯವರ ಹಲಗೆಗಳನ್ನು ಏಳನೆಯವರಿಗೆ ಕೊಡಿ, ಓದಿ ನೋಡೋಣ ಅಂತ. ಸಂಖ್ಯೆ ಬೇಗ ಹಿಡಿಯುತ್ತಾರೆ. ಯಾವುದು ಅಕ್ಕಿ, ಯಾವುದು ಮೊಟ್ಟೆ ಅಂತ ಹೇಳೋಕೆ ಒದ್ದಾಡುತ್ತಾರೆ. ಈಗ ಹೇಳಿ, ಹರಪ್ಪದ ಮುದ್ರೆಗಳ ಮುಂದೆ ವಿದ್ವಾಂಸರು ಕೂತಿರುವುದು ಹೀಗೇ, ಅದೂ ಸರಾಸರಿ ಐದೇ ಗುರುತು ಇರುವ ಚಿಕ್ಕ ಬರಹ ಇಟ್ಟುಕೊಂಡು.

ಮೆಸೊಪೊಟೇಮಿಯಾದಲ್ಲಿ ಇನ್ನೊಂದು ವಿಷಯ ನಿಮ್ಮ ಮಕ್ಕಳಿಗೆ ಬೇರೆ ಯಾರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ನಾರಾಯಣಪುರದ ಕಾಲುವೆ ಬಂದ ಮೇಲೆ ನಿಮ್ಮ ಕಡೆ ಭತ್ತ ಬಂತು, ದುಡ್ಡು ಬಂತು, ಜೊತೆಗೆ ಕೆಲವು ಹೊಲಗಳಿಗೆ ಸವಳು ಜವಳು ಹತ್ತಿತು. ಮೆಸೊಪೊಟೇಮಿಯಾದ ದಕ್ಷಿಣ ಭಾಗದ ಸುಮೇರಿನವರಿಗೂ ಹೀಗೇ ಆಯಿತು. ಕಾಲುವೆ ತೋಡಿದರು, ನೀರು ಕಟ್ಟಿದರು, ಬಸಿದು ಹೋಗೋಕೆ ದಾರಿ ಸಾಲದಾಯಿತು. ನೀರು ಆವಿಯಾಗಿ ಉಪ್ಪು ಮೇಲೆ ಉಳಿಯಿತು. ಗೋಧಿಗೆ ಉಪ್ಪು ಆಗಿಬರುವುದಿಲ್ಲ, ಜವೆಗೋಧಿ ಸ್ವಲ್ಪ ತಡೆಯುತ್ತದೆ. ಆ ಮಣ್ಣಿನ ಹಲಗೆಗಳ ಲೆಕ್ಕದಲ್ಲಿ ಗೋಧಿ ಕಡಿಮೆಯಾಗುತ್ತಾ ಜವೆಗೋಧಿ ಹೆಚ್ಚಾಗುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಅದರಿಂದಲೇ ಆ ನಾಗರಿಕತೆ ಮುಳುಗಿತು ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ, ಕಾರಣ ಹಲವು ಇದ್ದವು. ಆದರೆ ಬಿಳಿ ಪುಡಿ ಎದ್ದ ಹೊಲದ ಒಂದು ಹಿಡಿ ಮಣ್ಣು ತರಗತಿಗೆ ತನ್ನಿ. ‘ಅದು ನಮಗೇನ್ ಸಂಬಂಧ್ರಿ’ ಅಂದ ಹುಡುಗನ ಕೈಗೇ ಕೊಡಿ. ಉಳಿದರ್ಧ ಉತ್ತರ ಅವನ ಕೈಯಲ್ಲಿರುತ್ತದೆ.

ಈಜಿಪ್ಟಿಗೆ ಎರಡು ಪೀರಿಯಡ್ ಸಾಕು. ಮಮ್ಮಿ ಕತೆ ಮಕ್ಕಳಿಗೆ ಹೇಗೂ ಇಷ್ಟ, ಅದು ತಾನಾಗಿ ನಡೆಯುತ್ತದೆ. ಪಿರಮಿಡ್ಡನ್ನು ಗುಲಾಮರನ್ನು ಹೊಡೆದು ಕಟ್ಟಿಸಿದರು ಅಂತ ನಾವು ಓದಿದ್ದೆವು, ಅದನ್ನು ಬಿಟ್ಟುಬಿಡಿ. ಗೀಜಾದಲ್ಲಿ ಕೆಲಸಗಾರರ ಊರೇ ಸಿಕ್ಕಿದೆ, ರೊಟ್ಟಿ ಸುಡುವ ಮನೆಗಳು, ಮುರಿದು ಕೂಡಿಕೊಂಡ ಮೂಳೆಗಳು, ಪಿರಮಿಡ್ಡಿನ ಹತ್ತಿರವೇ ಅವರ ಗೋರಿಗಳು. 2013ರಲ್ಲಿ ಕೆಂಪು ಸಮುದ್ರದ ದಂಡೆಯಲ್ಲಿ ಮೆರೆರ್ ಅನ್ನೋ ಮೇಲ್ವಿಚಾರಕನ ದಿನಚರಿ ಸಿಕ್ಕಿತು. ತುರಾ ಗಣಿಯಿಂದ ದೋಣಿಯಲ್ಲಿ ಸುಣ್ಣದ ಕಲ್ಲು ತುಂಬಿಕೊಂಡು ಗೀಜಾಕ್ಕೆ ಹೋದೆವು, ಖಾಲಿ ಮಾಡಿ ತಿರುಗಿ ಬಂದೆವು, ದಿನಾ ಅದೇ ಲೆಕ್ಕ. ಶಹಾಬಾದ್, ಚಿತ್ತಾಪುರ ಕಡೆ ಫರ್ಸಿ ಗಣಿ ಕೆಲಸ ನೋಡಿದ ಮಕ್ಕಳಿಗೆ ಮೆರೆರ್ ಗುರುತಿನವನ ಹಾಗೆ ಕಾಣುತ್ತಾನೆ. ಚೀನಾಕ್ಕೆ ಒಂದು ಪೀರಿಯಡ್, ಅಲ್ಲಿನ ಹಳೆಯ ಬರಹ ಇದ್ದ ಮೂಳೆಗಳನ್ನು ಜನ ಔಷಧಿ ಅಂತ ಅರೆದು ಕುಡಿಯುತ್ತಿದ್ದರು ಅನ್ನೋ ಕತೆಯಿಂದ ಶುರು ಮಾಡಿ.

ವರ್ಷಕ್ಕೊಮ್ಮೆ ಪ್ರವಾಸದ ಅವಕಾಶ ಸಿಕ್ಕರೆ ದೂರ ಹೋಗಬೇಡಿ. ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗಿ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹದ ಪೀಠವಾಗಿ ಒಂದು ಕಲ್ಲು ಇತ್ತು. 1980ರ ದಶಕದಲ್ಲಿ ಚಾವಣಿ ಕುಸಿದ ಮೇಲೆ ಅದು ಅಶೋಕನ ಶಾಸನ ಅಂತ ಗೊತ್ತಾಯಿತು. ವಿಗ್ರಹ ಕೂರಿಸೋಕೆ ಅಕ್ಷರಗಳ ನಡುವೆಯೇ ತೂತು ಕೊರೆದಿದ್ದಾರೆ. ಪಕ್ಕದ ಕನಗನಹಳ್ಳಿಯ ಸ್ತೂಪದ ಕಲ್ಲಿನಲ್ಲಿ ರಾಜ, ರಾಣಿ, ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’. ಅಶೋಕನ ಹೆಸರು ಬರೆದಿರುವ ಹಳೆಯ ಚಿತ್ರ ನಮ್ಮ ಭೀಮಾ ದಂಡೆಯಲ್ಲಿದೆ. ಎಂಟು ಅಕ್ಷರ ಬ್ರಾಹ್ಮಿ ಮೊದಲೇ ಕಲಿಸಿಕೊಂಡು ಹೋದರೆ ಮಕ್ಕಳು ಅಲ್ಲಿ ನಿಂತು ಕೂಡಿಸಿ ಓದಲು ನೋಡುತ್ತಾರೆ. ಒಂದು ಕಟ್ಟುನಿಟ್ಟು ಇರಲಿ: ಮಡಕೆ ಚೂರು, ಕಲ್ಲು ಏನೇ ಸಿಕ್ಕರೂ ಎತ್ತಿಕೊಂಡು ಬರಬಾರದು. ಎಲ್ಲಿ ಬಿದ್ದಿತ್ತು ಅನ್ನೋದೇ ಅದರ ಅರ್ಧ ಬೆಲೆ.

ಪರೀಕ್ಷೆ ಬಗ್ಗೆ ನಿಮಗೆ ಚಿಂತೆ ಇದ್ದೇ ಇರುತ್ತದೆ. ಹೆಸರು, ಇಸವಿ ಕಲಿಸಿ, ಅದು ಬೇಕು. ಆದರೆ ನೀವೇ ತೆಗೆಯುವ ಕಿರು ಪರೀಕ್ಷೆಯಲ್ಲಿ ಒಂದಾದರೂ ಇಂಥ ಪ್ರಶ್ನೆ ಇಡಿ: ನಮ್ಮೂರ ತಿಪ್ಪೆಯನ್ನು ಸಾವಿರ ವರ್ಷ ಬಿಟ್ಟು ಯಾರಾದರೂ ಅಗೆದರೆ ಏನು ಉಳಿದಿರುತ್ತದೆ, ಏನು ಕೊಳೆತಿರುತ್ತದೆ, ಅದನ್ನು ನೋಡಿ ಅವರು ನಮ್ಮ ಬಗ್ಗೆ ಏನು ತಪ್ಪು ತಿಳಿಯಬಹುದು? ನನ್ನ ಶಾಲೆಯಲ್ಲಿ ಒಬ್ಬಳು ಬರೆದಿದ್ದಳು, ‘ರೊಟ್ಟಿ ಕೊಳೀತದ, ಹಂಚು ಉಳೀತದ. ಅವರು ನಾವು ಹಂಚು ತಿಂತಿದ್ವಿ ಅನ್ಕೋಬಾರ್ದು.’ ಪೂರ್ತಿ ಅಂಕ ಕೊಟ್ಟೆ.

ಸೋಮವಾರ ಹಗ್ಗದಿಂದಲೇ ಶುರು ಮಾಡಿ. ಹೊಲಕ್ಕೆ ಬಳಸುವ ಹಗ್ಗ ಎರಡು ಮೂರು ಮನೆಯಿಂದ ತಂದು ಗಂಟು ಹಾಕಿದರೆ 46 ಮೀಟರ್ ಆಗುತ್ತದೆ. ಗುರುತಿಗೆ ಹಳೆ ಸೀರೆಯ ಅಂಚು ಸಾಕು. ಬಿಸಿಲೇರುವ ಮುಂಚೆ ಮುಗಿಸಿ, ಮೊದಲ ಪೀರಿಯಡ್ಡಿಗೇ ಕೇಳಿ ತೆಗೆದುಕೊಳ್ಳಿ. ಮಣ್ಣನ್ನು ಶುಕ್ರವಾರವೇ ನೆನೆಹಾಕಿ.